ಮೇಕೆ ನಿಂತ ದಿನ

ಸ್ತೇಷಾ ಚಿಕ್ಕಮ್ಮ ಗ್ಲೆಬ್ ಫೊಮಿಚ್‌ನ ಜೋಡುಗಳನ್ನು ಒಗೆದುಹಾಕಿದ್ದೇ ಎಲ್ಲಕ್ಕೂ ಮೂಲ.

ಆಕೆಯನ್ನು ಬೈಯುವಂತಿಲ್ಲ. ಹೆಂಡತಿ ಸತ್ತು ಐದು ತಿಂಗಳಾದ ಗಂಡಸಿನ ಬಾಗಿಲ ಬಳಿ ಒಂದು ಜೊತೆ ಕೊಳಕು ಜೋಡು ಬಿದ್ದಿದ್ದರೆ, ಮನಸ್ಸಿನಲ್ಲಿ ಚೂರು ಮರುಕವಿರುವ ಯಾವ ಹೆಂಗಸು ತಾನೇ ನೋಡಿಕೊಂಡು ಸುಮ್ಮನಿರುತ್ತಾಳೆ? ಲೆನಿನ್‌ಗ್ರಾಡಿನ ಆ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ ಆರು ಕೋಣೆ, ಆರು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಅಲ್ಲಿ ಒಬ್ಬರ ದುಃಖ ಒಬ್ಬರದೇ ಆಗಿ ಉಳಿಯುವುದಿಲ್ಲ, ಒಬ್ಬರ ಕೊಳೆಯೂ ಅಷ್ಟೆ. ಪಕ್ಕದ ಕೋಣೆಯ ಸ್ತೇಷಾ ಚಿಕ್ಕಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಮೂವತ್ತು ವರ್ಷ ದುಡಿದವಳು. ಬೆಳಿಗ್ಗೆ ಐದಕ್ಕೇ ಎದ್ದು ತವರದ ಬೋಗುಣಿಗೆ ಬಿಸಿನೀರು ತುಂಬಿ, ಸೋಪು ಕಲಸಿ, ಜೋಡುಗಳನ್ನು ಒಂದು ಗಂಟೆ ನೆನೆಹಾಕಿ, ಬ್ರಷ್ಷಿನಲ್ಲಿ ತಿಕ್ಕಿ, ಮೂರು ನೀರಿನಲ್ಲಿ ಜಾಲಿಸಿ, ಕೊನೆಗೆ ಲಂಗ ಹಿಂಡುವ ಹಾಗೆ ಹಿಂಡಿದಳು.

ಏಳೂವರೆಗೆ ಗ್ಲೆಬ್ ಫೊಮಿಚ್ ಕಣ್ಣುಜ್ಜುತ್ತಾ ಅಡುಗೆಮನೆಗೆ ಬಂದ.

"ಚಿಕ್ಕಮ್ಮ, ನನ್ನ ಜೋಡು ಎಲ್ಲಾದ್ರೂ ಕಂಡ್ರಾ?"

"ಹಗ್ಗದ ಮೇಲಿದೆ ನೋಡು ಮಗಾ. ಅಬ್ಬಬ್ಬಾ, ಏನು ಕೊಳೆ! ಮೂತಿ ಒಳಗೆ ಅದೇನೋ ಗಟ್ಟಿಯಾಗಿ ಮೆತ್ಕೊಂಡಿತ್ತು. ಬಿಡ್ತೀನಾ ನಾನು? ಚಮಚದಲ್ಲಿ ಕೆರೆದು ಕೆರೆದು ಅರ್ಧ ತೆಗೆದೆ. ಈಗ ಮುಟ್ಟಿ ನೋಡು, ಕೂಸಿನ ಕಾಲ್ಚೀಲದ ಹಾಗಿದೆ."

ಗ್ಲೆಬ್ ಫೊಮಿಚ್ ಮುಟ್ಟಿ ನೋಡಿದ. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ನಿಧಾನವಾಗಿ ಕೂತ.

ಅವು ಬ್ಯಾಲೆಯ ತುದಿಗಾಲ ಜೋಡುಗಳು. ಗೋಣಿಬಟ್ಟೆ ಮತ್ತು ಅಂಟನ್ನು ಪದರ ಪದರವಾಗಿ ಮೆತ್ತಿ ಒಣಗಿಸಿದ ಮೂತಿಯೇ ಅವುಗಳ ಜೀವ. ಕುಣಿಯುವವರು ಮೈಭಾರವನ್ನೆಲ್ಲ ಹೊರಿಸಿ ನಿಲ್ಲುವುದು ಅದರ ಮೇಲೆ. ಅದನ್ನು ನೀರಿಗೆ ಹಾಕಿದರೆ ಉಳಿಯುವುದು ರೇಷ್ಮೆ ಚೀಲದಲ್ಲಿ ತುಂಬಿದ ಅಂಬಲಿ. ಹುಡುಗಿಯರದಾಗಿದ್ದರೆ ಇನ್ನೊಂದು ಜೊತೆ ಸಿಗುತ್ತಿತ್ತು. ಆದರೆ ನಲವತ್ಮೂರನೇ ಅಳತೆಯ ತುದಿಗಾಲ ಜೋಡು ಇಡೀ ಥಿಯೇಟರಿನಲ್ಲಿ ಇದ್ದದ್ದು ಇದೊಂದೇ. ಗಂಡಸರು ತುದಿಗಾಲ ಜೋಡು ಹಾಕುವುದಿಲ್ಲ. ಇದನ್ನು ಹೊಲಿದ ದಿನ ಥಿಯೇಟರಿನ ಮುದಿ ಚಮ್ಮಾರ ಮೂರು ಸಲ ಅಳತೆ ತೆಗೆದು, ಮೂರು ಸಲವೂ ನಕ್ಕಿದ್ದ.

"ಚಿಕ್ಕಮ್ಮ," ಎಂದ ಗ್ಲೆಬ್ ಫೊಮಿಚ್, "ಇವತ್ತು ಮಧ್ಯಾಹ್ನ ಎರಡು ಗಂಟೆಗೆ ನನ್ನ ಸಮಿತಿ."

ಬ್ರಷ್ಷು ಬೋಗುಣಿಯೊಳಗೆ ಬಿತ್ತು.

ಸಮಿತಿ ಎಂದರೇನೆಂದು ಆ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬ್ಯಾಲೆಯವರಿಗೆ ಇಪ್ಪತ್ತು ವರ್ಷ ತುಂಬಿದರೆ ಪಿಂಚಣಿ. ಗ್ಲೆಬ್ ಫೊಮಿಚ್‌ಗೆ ಮೂವತ್ತೆಂಟಕ್ಕೇ ತುಂಬಿತ್ತು. ಮುಂದೆಯೂ ಇರಬೇಕೆನ್ನುವವರು ಸಮಿತಿಯ ಮುಂದೆ ಕುಣಿದು ತೋರಿಸಬೇಕು. ಹಿಡಿಸಿದರೆ ಇನ್ನೆರಡು ವರ್ಷ, ಇಲ್ಲದಿದ್ದರೆ ಹೂಗುಚ್ಛ ಮತ್ತು ನಮಸ್ಕಾರ. ಅವನಿಗೆ ಪಿಂಚಣಿ ಬೇಕಿರಲಿಲ್ಲ. ಹನ್ನೊಂದು ಚದರ ಮೀಟರಿನ ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತಿರುವುದು ಅವನಿಂದ ಆಗುತ್ತಿರಲಿಲ್ಲ. ಹೆಂಡತಿ ನೋನಾ ಹೋದ ಮೇಲೆ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಹತ್ತು ಗಂಟೆಯ ರಿಹರ್ಸಲ್ ಒಂದೇ.

ಇಪ್ಪತ್ತು ವರ್ಷದಲ್ಲಿ ಅವನಿಗೆ ಹೇಳಿಕೊಳ್ಳುವಂಥ ಪಾತ್ರ ಒಂದೂ ಸಿಕ್ಕಿರಲಿಲ್ಲ. ಬೇಟೆಗಾರರಲ್ಲಿ ಆರನೆಯವನು, ಕಾವಲುಗಾರರಲ್ಲಿ ಎರಡನೆಯವನು. ಇನ್ನು ಪ್ರತಿ ಬ್ಯಾಲೆಯಲ್ಲೂ ಒಂದು ಮದುವೆಯೋ ಔತಣವೋ ಇರುತ್ತದಲ್ಲ, ಅಲ್ಲಿ ಕುಣಿಯುವ ಎಂಟು ಜೋಡಿಗಳಲ್ಲಿ ಮೂರನೆಯ ಜೋಡಿ, ನೋನಾ ಮತ್ತು ಅವನು. ಹೀಗಿದ್ದವನನ್ನು ಫೆಬ್ರವರಿಯಲ್ಲಿ ನೃತ್ಯ ನಿರ್ದೇಶಕ ಎಡುವಾರ್ಡ್ ಲ್ವೋವಿಚ್ ಕರೆದು, ಮಕ್ಕಳ ವಸಂತ ರಜೆಯ ಹೊಸ ಬ್ಯಾಲೆಯಲ್ಲಿ ಮೇಕೆಯ ಪಾತ್ರ ಕೊಟ್ಟಿದ್ದ. ಮೇಕೆ ತನ್ನಷ್ಟು ಗಟ್ಟಿಗ ಕಾಡಿನಲ್ಲೇ ಇಲ್ಲವೆಂದು ಜಂಬ ಕೊಚ್ಚಿಕೊಂಡು, ಮರದ ಬೊಡ್ಡೆ ಹತ್ತಿ, ಗೊರಸಿನ ತುದಿಯಲ್ಲಿ ಒಂಟಿ ಕಾಲಿನಲ್ಲಿ ಎಂಟು ಎಣಿಸುವಷ್ಟು ಹೊತ್ತು ನಿಲ್ಲಬೇಕು. ಗೊರಸಲ್ಲವೇ, ಅದಕ್ಕೇ ತುದಿಗಾಲ ಜೋಡು.

ಒಂದು ತಿಂಗಳಿಂದ ಅವನು ನಿಲ್ಲಲು ನೋಡುತ್ತಿದ್ದ. ಅಭ್ಯಾಸದ ಕಂಬಿ ಹಿಡಿದರೆ ಕಲ್ಲಿನ ಹಾಗೆ ನಿಲ್ಲುತ್ತಿದ್ದ. ಕಂಬಿ ಬಿಟ್ಟರೆ ಒಂದು, ಎರಡು, ಮೂರು ಸರಿ. ನಾಲ್ಕಕ್ಕೆ ದೊಪ್ಪನೆ ಬೀಳುತ್ತಿದ್ದ. ತಂಡದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಪಿಯಾನೋದ ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಎಡುವಾರ್ಡ್ ಲ್ವೋವಿಚ್ ಮಾತ್ರ ಒಂದು ದಿನವೂ ಬೈದವನಲ್ಲ. "ಪರವಾಗಿಲ್ಲ ಶೂಬಿನ್, ಇನ್ನೂ ಪ್ರಯತ್ನಪಡು," ಎಂದು ಮನೆತನದ ಹೆಸರು ಹಿಡಿದೇ ಹೇಳುತ್ತಿದ್ದ. ಅಂಥ ತಾಳ್ಮೆಯ ಮನುಷ್ಯನ ಮರ್ಯಾದೆ ಸಮಿತಿಯ ಮುಂದೆ ಕಳೆಯುವುದು ಹೇಗೆಂದು ಗ್ಲೆಬ್ ಫೊಮಿಚ್ ಕೊರಗಿ ಸೊರಗಿದ್ದ.

ಈಗ ನಿಲ್ಲಲು ಜೋಡೂ ಇಲ್ಲ.

ಸ್ತೇಷಾ ಚಿಕ್ಕಮ್ಮ ಅಳಲು ಶುರುಮಾಡಿದಳು. ಆ ವಠಾರದಲ್ಲಿ ಯಾರಾದರೂ ಅತ್ತರೆ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಮೊದಲು ಬಂದವನು ನಿಕಾನೊರಿಚ್, ನೇವಾ ನದಿಯ ದೋಣಿಗಳಲ್ಲಿ ಬದುಕು ಸವೆಸಿ ಈಗ ನಿವೃತ್ತನಾದ ಮುದುಕ. ಅವನ ಹಿಂದೆಯೇ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಮಾರ್ಕ್ ಇಸಿಡೊರಿಚ್, ಅರ್ಧ ಗಡ್ಡಕ್ಕೆ ಸೋಪು ಮೆತ್ತಿಕೊಂಡೇ ಬಂದರು.

ನಿಕಾನೊರಿಚ್ ಜೋಡನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ನೋಡಿದ.

"ಇದಕ್ಯಾಕೆ ಇಷ್ಟು ಗೋಳು? ತಳ ಒಡೆದ ದೋಣೀನೇ ನಿಲ್ಲಿಸಿದ್ದೀನಿ ನಾನು. ಇದು ಯಾವ ಮಹಾ? ನನ್ನ ಮಂಚದ ಕೆಳಗೆ ಒಂದು ಡಬ್ಬ ದೋಣಿ ವಾರ್ನಿಶ್ ಇದೆ."

"ತಾಳಿ ತಾಳಿ," ಎಂದರು ಮೇಷ್ಟ್ರು. "ಮೊದಲು ನೀರಿನ ಅಂಶ ಹೋಗ್ಬೇಕು. ಓವನ್ ಹಚ್ಚಿ. ಎಂಬತ್ತು ಡಿಗ್ರಿ, ಅದಕ್ಕಿಂತ ಒಂದೂ ಹೆಚ್ಚಾಗಬಾರದು."

"ಓವನ್‌ನಲ್ಲಿ ನನ್ನ ಎಲೆಕೋಸಿನ ಕಡುಬಿದೆ," ಎಂದಳು ಚಿಕ್ಕಮ್ಮ ಮೂಗೊರೆಸಿಕೊಳ್ಳುತ್ತಾ.

"ಕಡುಬು ತೆಗೀರಿ ಚಿಕ್ಕಮ್ಮ! ಮನುಷ್ಯನ ಅನ್ನದ ಪ್ರಶ್ನೆ ಇದು!"

ಕಡುಬು ಹೊರಗೆ ಬಂತು, ಜೋಡು ಒಳಗೆ ಹೋಯಿತು. ಅರೆ ಒಣಗಿದ ಮೂತಿಗಳೊಳಗೆ ಮೇಷ್ಟ್ರು ಹಳೇ ಪತ್ರಿಕೆಯ ಚೂರುಗಳನ್ನು ಹಿಟ್ಟಿನ ಅಂಟಿನಲ್ಲಿ ಅದ್ದಿ ಗಿಡಿದರು. ನಿಕಾನೊರಿಚ್ ಒಳಗೂ ಹೊರಗೂ ಮೂರು ಕೈ ವಾರ್ನಿಶ್ ಬಳಿದ. ತುದಿ ಉಂಡೆಯಾಗಿದೆ, ಇದರ ಮೇಲೆ ದೇವರೂ ನಿಲ್ಲಲಾರ ಎಂದು ಚಿಕ್ಕಮ್ಮನಿಗೆ ಅನ್ನಿಸಿ, ಬಿಸಿ ಇಸ್ತ್ರಿ ಪೆಟ್ಟಿಗೆಯಿಂದ ಎರಡೂ ಮೂತಿಗಳನ್ನು ಒತ್ತಿ ಚಪ್ಪಟೆ ಮಾಡಿದಳು. ಮತ್ತೆ ಓವನ್. ಹೊಗೆ ಓಣಿಯವರೆಗೂ ಹೋಯಿತು. ಕೊನೆಯ ಕೋಣೆಯವರು ಬೆಂಕಿ ಬಿದ್ದಿದೆಯೆಂದು ತಿಳಿದು ಬೆಕ್ಕನ್ನು ಎತ್ತಿಕೊಂಡು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತರು.

ಒಣಗಲು ಇನ್ನೂ ಎರಡು ಗಂಟೆ ಬೇಕಿತ್ತು. ಸುಮ್ಮನೆ ಕೂರುವುದು ಆ ಮೂವರ ಜಾತಕದಲ್ಲೇ ಬರೆದಿರಲಿಲ್ಲ.

"ಎಲ್ಲಿ, ನಿಂತು ತೋರ್ಸು ಫೊಮಿಚ್," ಎಂದ ನಿಕಾನೊರಿಚ್. "ಯಾಕೆ ಬೀಳ್ತೀಯ ನೋಡೋಣ."

ಗ್ಲೆಬ್ ಫೊಮಿಚ್ ಬರಿಗಾಲಿನಲ್ಲಿ ಗೋಡೆಯ ಬಿಸಿನೀರಿನ ಕೊಳವೆ ಹಿಡಿದು, ಎಡಗಾಲಿನ ಬೆರಳುಗಳ ಮೇಲೆ ಎದ್ದು ನಿಂತ. ಬಲಗಾಲನ್ನು ಮಡಚಿ ಮೊಣಕಾಲಿಗೆ ತಾಗಿಸಿದ. ಆಮೇಲೆ ಕೊಳವೆಯಿಂದ ಒಂದೊಂದೇ ಬೆರಳು ಬಿಡಿಸಿದ. ಹೆಬ್ಬೆರಳು ಬಂತು, ತೋರುಬೆರಳು ಬಂತು, ನಡುಬೆರಳು, ಉಂಗುರದ ಬೆರಳು ಎಲ್ಲ ಬಂದವು. ಕಿರುಬೆರಳು ಮಾತ್ರ ಅಂಗಡಿಯಲ್ಲಿ ಹಟ ಹಿಡಿದ ಮಗುವಿನ ಹಾಗೆ ಕೊಳವೆಯನ್ನೇ ಹಿಡಿದುಕೊಂಡಿತು.

"ಬಿಡು ಬಿಡು!" ಎಂದರು ಮೂವರೂ.

ಬಿಟ್ಟ. ಚಿಕ್ಕಮ್ಮ ಎಣಿಸಿದಳು. ನಾಲ್ಕಕ್ಕೆ ಅವನು ಬೋಗುಣಿಯೊಳಗೆ ಕೂತಿದ್ದ.

"ದೂರದಲ್ಲಿ ಒಂದು ದೀಪಸ್ತಂಭ ಇದೆ ಅಂತ ತಿಳ್ಕೊ," ಎಂದ ನಿಕಾನೊರಿಚ್. "ಕಣ್ಣು ಅಲ್ಲೇ ನೆಡು. ಅಲೆ ನೋಡಿದವನು ನೀರಿಗೇ ಬೀಳೋದು."

ದೀಪಸ್ತಂಭವೆಂದು ಅವನು ಉಪ್ಪಿನ ಡಬ್ಬವನ್ನು ನೋಡಿದ. ನಾಲ್ಕಕ್ಕೆ ನಿಕಾನೊರಿಚ್‌ನ ತೋಳಿಗೆ ಬಿದ್ದ.

"ಹೊಟ್ಟೆ ಒಳಗೆ ಎಳ್ಕೊಳ್ಳಿ, ಪಕ್ಕೆ ಬಿಚ್ಕೋಬೇಡಿ," ಎಂದರು ಮೇಷ್ಟ್ರು. "ತಲೆಯಿಂದ ಹಿಮ್ಮಡಿಗೆ ಒಂದು ದಾರ ಇಳಿಬಿಟ್ಟ ಹಾಗಿರ್ಬೇಕು."

"ಅದನ್ನೆಲ್ಲ ನೋನಾ ಹೇಳ್ಕೊಟ್ಟಿದ್ಲು," ಎಂದ ಗ್ಲೆಬ್ ಫೊಮಿಚ್ ಒದ್ದೆ ಪ್ಯಾಂಟು ಹಿಂಡಿಕೊಳ್ಳುತ್ತಾ. "ಮೇಲಕ್ಕೆ ಹೋಗೋಕೆ ನೋಡ್ಬೇಡ, ನೆಲಾನ ಕೆಳಕ್ಕೆ ಒತ್ತು ಅನ್ನೋಳು. ನಿಲ್ಲೋದು ಅಂದ್ರೆ ಅಲ್ಲಾಡದೆ ಇರೋದಲ್ಲ, ಯಾರಿಗೂ ಕಾಣದಷ್ಟು ಸಣ್ಣಗೆ ಅಲ್ಲಾಡ್ತಾ ಇರೋದು ಅನ್ನೋಳು. ತಲೆಗೆ ಎಲ್ಲಾ ಗೊತ್ತು ಮೇಷ್ಟ್ರೇ. ಕಾಲಿಗೆ ಗೊತ್ತಿಲ್ಲ."

ಮೂರನೆಯ ಸಲ ಅವನು ಕಡುಬಿನ ತಟ್ಟೆಯ ಮೇಲೆ ಬಿದ್ದ. ಚಿಕ್ಕಮ್ಮ ಕಡುಬುಗಳ ಬೆನ್ನು ನೆಟ್ಟಗೆ ಮಾಡಿದಳು. ಅಷ್ಟರಲ್ಲಿ ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು, ಅವನು ಬಿದ್ದ ಮೂರೂ ಕಡೆ ನೆಲದ ಮೇಲೆ ಗುರುತು ಹಾಕಿದರು. ಆಮೇಲೆ ದೂರ ನಿಂತು ಬೋರ್ಡು ನೋಡುವ ಹಾಗೆ ನೋಡಿದರು.

"ವಿಚಿತ್ರ! ಗ್ಲೆಬ್ ಫೊಮಿಚ್, ಮೂರು ಸಲವೂ ನಾಲ್ಕಕ್ಕೇ ಬಿದ್ರಿ. ಮೂರು ಸಲವೂ ಬಲಕ್ಕೇ ಬಿದ್ರಿ. ಕಾಲಿನ ದೋಷ ಆಗಿದ್ರೆ ಒಮ್ಮೆ ಹಾಗೆ, ಒಮ್ಮೆ ಹೀಗೆ ಬೀಳ್ತಿದ್ರಿ. ಬಲಗಡೆ ಏನೋ ಭಾರ ಬರುತ್ತೆ ಅಂತ ನಿಮ್ಮ ಮೈ ಮೊದಲೇ ಲೆಕ್ಕ ಹಾಕ್ಕೊಂಡು ಅದನ್ನ ಹೊರೋಕೆ ಆ ಕಡೆ ಹೋಗ್ತಿದೆ. ಭಾರ ಬರ್ತಿಲ್ಲ. ನೀವು ಬೀಳ್ತಿದ್ದೀರಿ."

"ಏನು ಭಾರ?" ಎಂದ ನಿಕಾನೊರಿಚ್.

ಗ್ಲೆಬ್ ಫೊಮಿಚ್ ತನ್ನ ಬಲಗೈಯನ್ನು ನೋಡುತ್ತಾ ನಿಂತ.

ಮದುವೆ ದೃಶ್ಯದ ಎಂಟು ಜೋಡಿಗಳಲ್ಲಿ ಎಂಟು ಹುಡುಗಿಯರು ಒಟ್ಟಿಗೆ ಒಂಟಿ ತುದಿಗಾಲಿನ ಮೇಲೆ ಏಳುತ್ತಾರೆ. ಮೂರರವರೆಗೆ ತಾವೇ ನಿಲ್ಲುತ್ತಾರೆ. ನಾಲ್ಕಕ್ಕೆ ಪಕ್ಕದ ಗಂಡಸಿನ ಕೈಗೆ ಒರಗುತ್ತಾರೆ. ಇಪ್ಪತ್ತು ವರ್ಷ, ವಾರಕ್ಕೆ ನಾಲ್ಕು ಸಂಜೆ, ನಾಲ್ಕನೇ ಎಣಿಕೆಗೆ ನೋನಾಳ ನಲವತ್ತೇಳು ಕಿಲೋ ಅವನ ಬಲಗೈಗೆ ಬರುತ್ತಿತ್ತು. ಅವಳು ಹೋಗಿ ಐದು ತಿಂಗಳಾಗಿತ್ತು. ಅವನ ಮೈಗೆ ಯಾರೂ ಹೇಳಿರಲಿಲ್ಲ.

"ನೋನಾ," ಎಂದ ಅವನು.

ಸ್ತೇಷಾ ಚಿಕ್ಕಮ್ಮ ತಲೆಯ ರುಮಾಲಿನ ಅಂಚನ್ನು ಬಾಯಿಗೆ ಒತ್ತಿಕೊಂಡಳು. ನಿಕಾನೊರಿಚ್ ಓವನ್ನಿನ ಬಾಗಿಲು ತೆಗೆದು ಒಳಗೆ ಇಣುಕಿ, ನೋಡಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ನೋಡಿದ.

ಕೊನೆಗೆ ಮೇಷ್ಟ್ರೇ ಗಂಟಲು ಸರಿಮಾಡಿಕೊಂಡರು. "ಕ್ಷಮಿಸಿ. ಆದ್ರೆ ಕಾರಣ ಗೊತ್ತಾಯ್ತಲ್ಲ. ನಾಲ್ಕು ಬಂದಾಗ ಆ ಭಾರಾನ ಕಾಯಬೇಡಿ. ಅಷ್ಟೇ."

ಅಷ್ಟೇ! ಹೇಳುವವರಿಗೇನು, ಬಾಯಿ ಇದೆ.

ಹನ್ನೆರಡು ಗಂಟೆಗೆ ಜೋಡುಗಳು ಹೊರಗೆ ಬಂದವು. ಹುರಿದ ಕಾಫಿಬೀಜದ ಬಣ್ಣ, ಕಬ್ಬಿಣದ ಗಟ್ಟಿತನ. ನಿಕಾನೊರಿಚ್ ಒಂದನ್ನು ಮೇಜಿನ ಮೇಲೆ ಮೂತಿ ಕೆಳಗೆ ಮಾಡಿ ಇಟ್ಟ. ಅದು ತನ್ನಷ್ಟಕ್ಕೆ ನಿಂತುಕೊಂಡಿತು.

"ನೋಡ್ದಾ? ನೀನೇ ಇಲ್ದೆ ನಿಲ್ಲುತ್ತೆ. ನೀನು ಸುಮ್ನೆ ಒಳಗಿರು ಸಾಕು."

ಹೊರಡುವ ಮೊದಲು ನಾಲ್ವರೂ ಪದ್ಧತಿಯಂತೆ ಒಂದು ನಿಮಿಷ ಮಾತಾಡದೆ ಕೂತರು. ಆಮೇಲೆ ಚಿಕ್ಕಮ್ಮ ಅವನ ಕೋಟಿನ ಗುಂಡಿ ಹಾಕಿ, ಶುಭವಾಗಲಿ ಎಂದರೆ ದೃಷ್ಟಿ ತಾಗೀತೆಂದು, "ನಿನ್ನ ಕಾಲು ಮುರಿಯಾ, ಹೋಗು!" ಎಂದು ಹರಸಿದಳು. ಅವನು ಅದಕ್ಕೆ ಕೊಡಬೇಕಾದ ಉತ್ತರವನ್ನೇ ಕೊಟ್ಟ: "ನೀವು ಹಾಳಾಗಿ ಹೋಗಿ ಚಿಕ್ಕಮ್ಮ!"

ಟ್ರಾಮಿನಲ್ಲಿ ವಾರ್ನಿಶ್ ವಾಸನೆಗೆ ಜನ ದೂರ ಸರಿದರು. ತುಪ್ಪಳದ ಟೋಪಿಯ ಹೆಂಗಸೊಬ್ಬಳು, "ಏನಪ್ಪಾ, ಹಾಡಹಗಲೇ ಬಣ್ಣದ ಡಬ್ಬಾನೇ ಕುಡಿದಿದ್ದೀಯಾ?" ಎಂದು ಕೇಳಿದಳು. ಅವನು ಮಡಿಲಿನ ಪೊಟ್ಟಣವನ್ನು ತಬ್ಬಿಕೊಂಡು ಕಿಟಕಿಯ ಹೊರಗೆ ನೋಡಿದ. ಕಾಲುವೆಯಲ್ಲಿ ಮಂಜುಗಡ್ಡೆ ಒಡೆಯುತ್ತಿತ್ತು. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದ. ನಾಲ್ಕು ಬಂದಾಗಲೆಲ್ಲ ಬಲಗೈ ತಾನಾಗಿ ಬಿಗಿಯಾಗುತ್ತಿತ್ತು. ಬೆಳಿಗ್ಗೆಯವರೆಗೆ ಅದು ಅವನಿಗೆ ಗೊತ್ತೇ ಇರಲಿಲ್ಲ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಕಾಲು ಜೋಡಿನೊಳಗೆ ಹೋಗಲೊಲ್ಲದು. ಹಿಮ್ಮಡಿಗೆ ಸೋಪು ಸವರಿ, ಗೋಡೆಗೆ ಒದ್ದು ಒದ್ದು ತೂರಿಸಿದ. ಹೆಬ್ಬೆರಳ ಉಗುರು ಬಹುಶಃ ಅಲ್ಲೇ ಹೋಯಿತು. ಸಭಾಂಗಣದೊಳಗೆ ಕಾಲಿಟ್ಟಾಗ ಟಕ್ ಟಕ್ ಟಕ್ ಎಂದು ನಿಜವಾದ ಗೊರಸಿನ ಸದ್ದು ಬಂತು. ಸಮಿತಿಯ ಐವರಲ್ಲಿ ಇಬ್ಬರು ಆಗಲೇ ಮುಗುಳ್ನಕ್ಕರು.

ನಡುವೆ ಕೂತಿದ್ದವಳು ಅಧ್ಯಕ್ಷೆ ವಾರ್ವಾರಾ ಕಸ್ಯಾನೊವ್ನಾ. ಎಪ್ಪತ್ತು ದಾಟಿದ್ದಳು, ಒಂದು ಕಾಲದಲ್ಲಿ ಊರಿನ ಕಣ್ಮಣಿಯಾಗಿದ್ದಳು, ಈಗ ಕೋಲು ಊರಿ ಕೂತಿದ್ದಳು. ಎಡುವಾರ್ಡ್ ಲ್ವೋವಿಚ್ ಆಕೆಯ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಟ್ಟುತ್ತಾ ಅಂಗೈ ಉಜ್ಜಿಕೊಳ್ಳುತ್ತಿದ್ದ. ತನ್ನ ಪರವಾಗಿ ಒಳ್ಳೆಯ ಮಾತು ಹೇಳುತ್ತಿದ್ದಾನೆಂದು ಗ್ಲೆಬ್ ಫೊಮಿಚ್‌ನ ಕಣ್ಣು ಒದ್ದೆಯಾಯಿತು.

"ಶುರುಮಾಡು ಶೂಬಿನ್!"

ಪಿಯಾನೋ ನುಡಿಯಿತು. ಮೇಕೆ ಕುಣಿಯಿತು, ಜಂಬ ಕೊಚ್ಚಿತು, ಗಡ್ಡ ನೀವಿಕೊಂಡಿತು, ಮರದ ಬೊಡ್ಡೆ ಹತ್ತಿತು. ಗ್ಲೆಬ್ ಫೊಮಿಚ್ ನೆಲವನ್ನು ಕೆಳಕ್ಕೆ ಒತ್ತಿ ಎಡಗಾಲಿನ ತುದಿಗೆ ಎದ್ದ.

ಒಂದು. ಇಸ್ತ್ರಿಯ ಚಪ್ಪಟೆ ಮೂತಿ ಬೊಡ್ಡೆಯನ್ನು ಕಚ್ಚಿಕೊಂಡಿತು. ಎರಡು. ಎದುರು ಗೋಡೆಯ ಗಡಿಯಾರದ ಮೇಲೆ ಕಣ್ಣು ನೆಟ್ಟ. ಮೂರು. ಕಣಕಾಲು ಸಣ್ಣಗೆ, ಯಾರಿಗೂ ಕಾಣದಷ್ಟು ಸಣ್ಣಗೆ, ಆ ಕಡೆ ಈ ಕಡೆ ಅಲ್ಲಾಡುತ್ತಿತ್ತು. ಎಡುವಾರ್ಡ್ ಲ್ವೋವಿಚ್ ಕುರ್ಚಿಯ ತುದಿಗೆ ಬಂದು, "ಈಗ, ಈಗ ನೋಡಿ!" ಎಂದ.

ನಾಲ್ಕು ಬಂತು. ಅದರ ಜೊತೆಗೆ ನೋನಾಳೂ ಬಂದಳು. ಅವನ ಬಲಗಡೆಯೆಲ್ಲ ಅವಳನ್ನು ಹೊರಲು ಸಿದ್ಧವಾಯಿತು. ಹೆಗಲು ಇಳಿಯಿತು, ಅಂಗೈ ತೆರೆದುಕೊಂಡಿತು. ಇನ್ನೊಂದು ಕ್ಷಣವಾಗಿದ್ದರೆ ಎಂದಿನಂತೆ ಬೀಳುತ್ತಿದ್ದ. ಆದರೆ ಅವನಿಗೆ ಆ ಹನ್ನೊಂದು ಚದರ ಮೀಟರಿನ ಕೋಣೆ ನೆನಪಾಯಿತು. ನನ್ನನ್ನು ಕ್ಷಮಿಸು ನೋನಾ, ಇವತ್ತು ನನಗೆ ನಿಲ್ಲಬೇಕಾಗಿದೆ, ಎಂದುಕೊಂಡ. ಅಂಗೈ ಮುಚ್ಚಿದ. ಬಲಗಡೆ ಖಾಲಿಯಾಯಿತು.

ಐದು. ಆರು. ಏಳು. ಎಂಟು.

ಪಿಯಾನೋದ ಮುದುಕಿ ಆ ಜಾಗದವರೆಗೆ ಒಮ್ಮೆಯೂ ನುಡಿಸಿದವಳಲ್ಲ, ಗಾಬರಿಯಲ್ಲಿ ಮತ್ತೆ ಮೊದಲಿನಿಂದ ಹಿಡಿದಳು. ಗ್ಲೆಬ್ ಫೊಮಿಚ್ ನಿಂತೇ ಇದ್ದ. ಹದಿನಾರರವರೆಗೂ ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನು ಯಾರನ್ನೂ ಹಿಡಿಯದೆ, ಯಾರಿಗೂ ಹಿಡಿಯಲು ಕೈ ಕೊಡದೆ ನಿಂತಿದ್ದ. ಇಳಿದು ಬಗ್ಗಿ ನಮಸ್ಕರಿಸಿದಾಗ ಉಸಿರು ಬೊಗಸೆಯಷ್ಟೂ ಉಳಿದಿರಲಿಲ್ಲ.

ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಏನಿದು?" ಎಂದ ಎಡುವಾರ್ಡ್ ಲ್ವೋವಿಚ್. ಅವನ ಮುಖ ಸುಣ್ಣದ ಹಾಗಾಗಿತ್ತು.

"ನಿಂತೆ ಎಡುವಾರ್ಡ್ ಲ್ವೋವಿಚ್."

"ನಿಂತಿದ್ದು ನನಗೂ ಕಾಣ್ತು! ಯಾಕೆ ನಿಂತೆ?"

ಗ್ಲೆಬ್ ಫೊಮಿಚ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಅಯ್ಯಾ, ಜಂಬದ ಮೇಕೆ ನೆಟ್ಟಗೆ ನಿಂತ್ರೆ ಅದರಲ್ಲಿ ನಗೋದು ಏನಿದೆ? ಮಕ್ಕಳು ಆಕಳಿಸ್ತಾವೆ! ಬೀಳೋದಕ್ಕೇ ನಿನ್ನನ್ನ ತಗೊಂಡಿದ್ದು ನಾನು. ಹೇಗೆ ಬೀಳ್ತಿದ್ದೆ! ಯಾರೋ ಬರ್ತಾರೆ ಅಂತ ನಂಬಿ ಕೈ ಚಾಚಿ, ಯಾರೂ ಬರದೆ, ಆ ಮುಖ ಮಾಡ್ಕೊಂಡು ದೊಪ್ಪಂತ! ಮೂವತ್ತು ವರ್ಷದಲ್ಲಿ ಅಂಥ ಬೀಳೋದನ್ನ ನಾನು ನೋಡಿಲ್ಲ. ಕಲಿಸೋಕೂ ಬರಲ್ಲ ಅದು."

"ನಿಲ್ಲಬೇಕು ಅಂತ ನೀವೇ ಹೇಳಿದ್ರಿ..."

"ಬೀಳು ಅಂದಿದ್ರೆ ನೀನು ನಟಿಸ್ತಿದ್ದೆ. ನಿಲ್ಲೋಕೆ ಪ್ರಯತ್ನಪಡೋನು ಬಿದ್ರೇನೇ ನಗು ಬರೋದು. ಅದಕ್ಕೇ ಒಂದು ತಿಂಗಳು ಬಾಯಿ ಮುಚ್ಕೊಂಡಿದ್ದೆ!"

ಗ್ಲೆಬ್ ಫೊಮಿಚ್ ಒಂದು ಹೆಜ್ಜೆ ಮುಂದೆ ಬಂದ. ಟಕ್ ಎಂದು ಸದ್ದಾಯಿತು.

"ಬೀಳ್ತೀನಿ. ಇನ್ನೊಂದು ಅವಕಾಶ ಕೊಡಿ. ಚೆನ್ನಾಗಿ ಬೀಳ್ತೀನಿ."

ಅಧ್ಯಕ್ಷೆ ಕೋಲಿನಿಂದ ನೆಲ ತಟ್ಟಿ ಒಪ್ಪಿಗೆ ಕೊಟ್ಟಳು. ಅವನು ಮತ್ತೆ ಬೊಡ್ಡೆ ಹತ್ತಿ, ಮೂರು ಎಣಿಸಿ, ನಾಲ್ಕಕ್ಕೆ ಕೈಬೀಸಿ ಬಿದ್ದ. ಮೊಣಕೈ ತರಚಿತು. ಯಾರೂ ನಗಲಿಲ್ಲ.

"ಬೇಕು ಅಂತಲೇ ಬಿದ್ದೆ," ಎಂದ ಎಡುವಾರ್ಡ್ ಲ್ವೋವಿಚ್.

"ಇನ್ನೊಂದೇ ಒಂದು ಸಲ."

ಈ ಸಲ ಅವನು ನಟಿಸಲಿಲ್ಲ. ಕಣ್ಣು ಮುಚ್ಚಿ ತುದಿಗಾಲಿಗೆ ಎದ್ದು, ಅವಳು ಬರಲೆಂದು ಕಾದ. ಒಂದು, ಎರಡು, ಮೂರು. ನಾಲ್ಕಕ್ಕೆ ಬಲಗೈ ತೆರೆದು ಹಿಡಿದ. ಬಾ ನೋನಾ, ಎಂದ. ಹೆಗಲು ಇಳಿಯಲಿಲ್ಲ. ಮೈ ಆ ಕಡೆ ಹೋಗಲಿಲ್ಲ. ಐದು, ಆರು, ಏಳು, ಎಂಟು. ಜೋಡಿನ ಚಪ್ಪಟೆ ಮೂತಿಯ ಮೇಲೆ, ಸಭಾಂಗಣದ ನಟ್ಟನಡುವೆ, ಅವನು ಕಂಬದ ಹಾಗೆ ನಿಂತಿದ್ದ. ಕೈ ಮಾತ್ರ ಸುಮ್ಮನೆ ತೆರೆದೇ ಇತ್ತು.

"ಸಾಕು ಇಳಿಯಪ್ಪಾ," ಎಂದಳು ವಾರ್ವಾರಾ ಕಸ್ಯಾನೊವ್ನಾ. ಕನ್ನಡಕ ತೆಗೆದು ಒರೆಸಿಕೊಂಡಳು. ಆಕೆಗೆ ನೋನಾಳ ವಿಷಯ ಗೊತ್ತಿರಲಿಲ್ಲ, ನಿಲ್ಲುವುದೆಂದರೇನು ಎಂಬುದು ಗೊತ್ತಿತ್ತು. "ನಾನು ಇದಕ್ಕಿಂತ ಚೆನ್ನಾಗಿ ನಿಂತಿರಬಹುದು, ಆದ್ರೆ ಎರಡು ಮೂರು ಸಲ ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ನಿಲ್ಲಬೇಕಿತ್ತು ಶೂಬಿನ್. ಯಾರೂ ನಿನ್ನನ್ನ ನಿಲ್ಲಿಸಿ ನೋಡಲಿಲ್ಲ."

ಆಮೇಲೆ ಪಿಂಚಣಿಯ ಕಾಗದದ ಮೇಲೆ ಸಹಿ ಹಾಕಿದಳು. ಎಡುವಾರ್ಡ್ ಲ್ವೋವಿಚ್ ಬೇರೊಬ್ಬನನ್ನು, ನಿಲ್ಲಲು ಬಾರದವನನ್ನು, ಹುಡುಕಲು ಆಗಲೇ ಎದ್ದು ಹೋಗಿದ್ದ.

ಐದು ಗಂಟೆಗೆ ಗ್ಲೆಬ್ ಫೊಮಿಚ್ ಕೈಯಲ್ಲೊಂದು ಹೂಗುಚ್ಛ ಹಿಡಿದು ಮೂರು ಮಹಡಿ ಹತ್ತಿದ. ಅಡುಗೆಮನೆಯ ಮೇಜಿನ ಮೇಲೆ ಚಪ್ಪಟೆಯಾದ ಕಡುಬುಗಳು, ಉಪ್ಪು ಹಾಕಿದ ಮೀನು, ನಿಕಾನೊರಿಚ್‌ನ ಪುಟ್ಟ ಸೀಸೆ ಎಲ್ಲ ಸಿದ್ಧವಾಗಿದ್ದವು. ಬೆಕ್ಕನ್ನು ಎತ್ತಿಕೊಂಡು ಬೀದಿಗಿಳಿದಿದ್ದವರೂ ಬಂದು ಕೂತಿದ್ದರು.

"ಬಿದ್ಯಾ?" ಎಂದಳು ಸ್ತೇಷಾ ಚಿಕ್ಕಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು.

"ಇಲ್ಲ ಚಿಕ್ಕಮ್ಮ. ಬೀಳಲಿಲ್ಲ."

ಅಡುಗೆಮನೆಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನ ಮಹಡಿಯವರು ಛಾವಣಿಗೆ ಕೋಲಿನಿಂದ ಕುಟ್ಟಿದರು. ಚಿಕ್ಕಮ್ಮ ಹೂಗುಚ್ಛವನ್ನು ಕಿತ್ತುಕೊಂಡು ಉಪ್ಪಿನಕಾಯಿ ಭರಣಿಯಲ್ಲಿಟ್ಟಳು. "ಹೂವು ಬೇರೆ ಕೊಟ್ಟಿದ್ದಾರೆ ನೋಡ್ರೋ! ನಾನು ಒಗೆದಿದ್ದಕ್ಕೇ ಎಲ್ಲಾ ಒಳ್ಳೇದಾಯ್ತು, ಹೌದೋ ಅಲ್ವೋ ಹೇಳು!"

"ಹೌದು ಚಿಕ್ಕಮ್ಮ," ಎಂದ ಅವನು.

ಆ ಮುಖವನ್ನು ನೋಡುತ್ತಾ ಬೇರೆ ಏನು ಹೇಳಲು ಸಾಧ್ಯವಿತ್ತು? ಅವಳು ಆನಂದಕ್ಕೆ ಅಳುತ್ತಿದ್ದಳು. ನಿಕಾನೊರಿಚ್ ಮೂರನೇ ಲೋಟ ತುಂಬಿ, ವಾರ್ನಿಶ್ ಯಾವ ಕಾರ್ಖಾನೆಯದೆಂದು ಎಲ್ಲರಿಗೂ ವಿವರಿಸುತ್ತಿದ್ದ. ಮೇಷ್ಟ್ರು ಜೇಬಿನಿಂದ ಒಂದು ಉದ್ದನೆಯ ಟಿಕೆಟ್ ಸುರುಳಿ ತೆಗೆದರು.

"ಮಧ್ಯಾಹ್ನವೇ ಹೋಗಿ ತಂದೆ. ಏಳನೇ ತರಗತಿ ಪೂರ್ತಿ, ಮೂವತ್ತೆಂಟು ಮಕ್ಕಳು, ಮೊದಲ ಆಟಕ್ಕೆ. ನಮ್ಮ ಮೇಕೆಯನ್ನ ನೋಡೋಕೆ! ನಾಳೆಯಿಂದ ರಿಹರ್ಸಲ್ ಎಷ್ಟು ಹೊತ್ತಿಗೆ?"

"ಹತ್ತಕ್ಕೆ," ಎಂದ ಗ್ಲೆಬ್ ಫೊಮಿಚ್. ನಾಳೆ ಹತ್ತಕ್ಕೆ ಮನೆ ಬಿಟ್ಟು ಎಲ್ಲಿಗೆ ಹೋಗಿ ಕೂರುವುದೆಂದು ಅವನಿಗೆ ತೋಚಲಿಲ್ಲ.

"ಎಲ್ಲಿ, ನಮಗೂ ಒಂದ್ಸಲ ತೋರ್ಸು!" ಎಂದ ನಿಕಾನೊರಿಚ್. ಎಲ್ಲರೂ ಸೇರಿ ಮೇಜನ್ನು ಗೋಡೆಗೆ ಸರಿಸಿದರು. ಬೆಕ್ಕಿನವರು ಬೆಕ್ಕನ್ನು ಎತ್ತಿ ಹಿಡಿದರು.

ಗ್ಲೆಬ್ ಫೊಮಿಚ್ ಊದಿಕೊಂಡ ಕಾಲನ್ನು ಮತ್ತೆ ಜೋಡಿಗೆ ತೂರಿಸಿ, ಅಡುಗೆಮನೆಯ ನಡುವೆ ತುದಿಗಾಲಿಗೆ ಎದ್ದ. ಎಲ್ಲರೂ ಒಕ್ಕೊರಲಿನಿಂದ ಎಣಿಸಿದರು. ಎಂಟಾಯಿತು, ಹದಿನಾರಾಯಿತು, ಇಪ್ಪತ್ತಾಯಿತು. ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಸಾಕಪ್ಪಾ ಸಾಕು, ನಂಬಿದೆವು, ಇಳಿ, ಕಡುಬು ಆರುತ್ತೆ ಎಂದರು. ಅವನು ಇಳಿಯಲಿಲ್ಲ. ಮತ್ತೆ ಒಂದರಿಂದ ಎಣಿಸಿ ಎಂದು ಕೇಳಿಕೊಂಡ. ಖುಷಿಯಲ್ಲಿದ್ದವರು ಎಣಿಸಿದರು. ನಾಲ್ಕು ಬಂದಾಗಲೆಲ್ಲ ಅವನು ಬಲಗೈಯನ್ನು ಸ್ವಲ್ಪ ತೆರೆದು, ಮೈ ಒಮ್ಮೆ ಎಂದಿನಂತೆ ಬಿದ್ದುಬಿಡಲಿ ಎಂದು ಕಾಯುತ್ತಿದ್ದ.